ಮೆರವಣಿಗೆ ಮುಗಿದ ಮರುದಿನ

ಉತ್ತರ ಕರ್ನಾಟಕದ ಊರುಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ರೂಢಿ ಬೆಳೆದಿದೆ. ಸೇನೆಯಿಂದ ನಿವೃತ್ತನಾಗಿ ಬರುವವನನ್ನು ರೈಲು ನಿಲ್ದಾಣದಿಂದಲೇ ತೆರೆದ ಜೀಪಿನಲ್ಲೋ ಸಿಂಗರಿಸಿದ ಟ್ರ್ಯಾಕ್ಟರಿನಲ್ಲೋ ಕರೆತರುತ್ತಾರೆ. ಡೊಳ್ಳು, ಹಲಗೆ, ಡಿಜೆ, ಕೊರಳು ಮುಚ್ಚುವಷ್ಟು ಹಾರ, ದಾರಿಯುದ್ದಕ್ಕೂ ಶಾಲೆ ಮಕ್ಕಳ ಸಾಲು, ಅಗಸಿ ಬಾಗಿಲಲ್ಲಿ ಆರತಿ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ. ಅಣಕಿಸುವಂಥದ್ದು ಇದರಲ್ಲಿ ಏನೂ ಇಲ್ಲ. ಊರು ತನ್ನ ಮಗನನ್ನು ಹೀಗೆ ಬರಮಾಡಿಕೊಳ್ಳುವುದು ಒಳ್ಳೆಯದೇ.

ಆ ಜೀಪಿನ ಹಿಂದೆ ಬರುವ ಗೂಡ್ಸ್ ಆಟೊದಲ್ಲಿ ಒಂದು ಕರಿ ಟ್ರಂಕು ಇರುತ್ತದೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು. ಅದರ ಫೋಟೊ ಯಾರೂ ತೆಗೆಯುವುದಿಲ್ಲ. ಆದರೆ ಆ ಮನೆಯ ಮುಂದಿನ ಮೂವತ್ತು ನಲವತ್ತು ವರ್ಷ ನಿಂತಿರುವುದು ಅದರೊಳಗಿನ ಒಂದು ಫೈಲಿನ ಮೇಲೆ. ಊರಿನವರು, ಮನೆಯವರು ಅವನಿಗೆ ನಿಜವಾಗಿ ಏನಾದರೂ ಮಾಡಬೇಕೆಂದಿದ್ದರೆ ಅದು ಶುರುವಾಗುವುದು ಹಾರ ಒಣಗಿದ ಮೇಲೆ, ಟ್ರಂಕು ಬಿಚ್ಚಿದಾಗ.

ನಿವೃತ್ತಿ ಎಂದ ಕೂಡಲೇ ಅರವತ್ತರ ಯಜಮಾನರನ್ನು ಕಣ್ಮುಂದೆ ತಂದುಕೊಳ್ಳಬೇಡಿ. ಸಿಪಾಯಿ, ನಾಯಕ್, ಹವಾಲ್ದಾರ್ ದರ್ಜೆಯವರು ಹೊರಬರುವುದು ಹೆಚ್ಚಾಗಿ 35ರಿಂದ 45ರ ನಡುವೆ. ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ ಜವಾನರಿಗೆ 15 ವರ್ಷ, ಅಧಿಕಾರಿಗಳಿಗೆ 20. ಅಂದರೆ ಮಗಳಿನ್ನೂ ಹೈಸ್ಕೂಲಿನಲ್ಲಿ, ಮನೆ ಲಿಂಟೆಲ್ ಮಟ್ಟದಲ್ಲಿ, ಅಪ್ಪನಿಗೆ ಮಂಡಿನೋವು ಶುರುವಾಗಿದೆ, ಪಿಂಚಣಿ ಕೊನೆಯ ಸಂಬಳದ ಅರ್ಧ. ವಿಶ್ರಾಂತಿಯ ಮಾತೇ ಇಲ್ಲಿ ಬರುವುದಿಲ್ಲ.

ಫೈಲಿನಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಪಿಪಿಒ, ಪಿಂಚಣಿ ಮಂಜೂರಾತಿ ಆದೇಶ. ಎಲ್ಲರೂ ಅದರಲ್ಲಿ ನೋಡುವುದು ತಿಂಗಳಿಗೆ ಎಷ್ಟು ಎಂಬ ಅಂಕಿಯನ್ನು. ನೋಡಬೇಕಾದ ಸಾಲು ಬೇರೆ: ಹೆಂಡತಿಯ ಹೆಸರು, ಆಕೆಯ ಜನ್ಮದಿನಾಂಕ. ಲಕ್ಷ್ಮಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಬೆಳಗಾವಿ ಕಡೆ ಅದನ್ನು ಇಂಗ್ಲಿಷಿನಲ್ಲಿ ನಡುವೆ ಎಕ್ಸ್ ಹಾಕಿ ಬರೆಯುವವರೇ ಹೆಚ್ಚು, ಮೈಸೂರು ಕಡೆ ಕೆ, ಎಸ್, ಎಚ್. ಮದುವೆಯಾದ ವರ್ಷ ಯೂನಿಟ್ಟಿನ ಕ್ಲರ್ಕು, ಹರಿಯಾಣದವನೋ ಬಿಹಾರದವನೋ, ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಆಧಾರ್ ಮಾಡಿದವನು ತನಗೆ ತೋಚಿದಂತೆ. ಬ್ಯಾಂಕಿನಲ್ಲಿ ತವರಿನ ಅಡ್ಡಹೆಸರು ಉಳಿದುಬಿಟ್ಟಿದೆ. ಜನ್ಮದಿನಾಂಕದ ಕಥೆ ಇನ್ನೂ ಸರಳ: ಎಷ್ಟೋ ಹೆಣ್ಣುಮಕ್ಕಳದ್ದು ಎಲ್ಲ ಕಾಗದದಲ್ಲೂ ಜನವರಿ 1 ಅಥವಾ ಜೂನ್ 1, ವರ್ಷ ಮಾತ್ರ ಒಂದೊಂದು ಕಡೆ ಒಂದೊಂದು.

ಗಂಡ ಇರುವಷ್ಟು ದಿನ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ದಾಖಲೆಯ ಲಕ್ಷ್ಮಿಯೂ ಎದುರಿಗಿರುವ ಲಕ್ಷ್ಮಿಯೂ ಒಬ್ಬಳೇ ಎಂದು ಆಕೆಯೇ ಸಾಬೀತು ಮಾಡಬೇಕು. ಇದ್ದಾಗ ಅವನ ಒಂದು ಸಹಿಯಲ್ಲಿ ಮುಗಿಯುವ ಕೆಲಸ, ಹೋದ ಮೇಲೆ ತಿಂಗಳುಗಟ್ಟಲೆ ಅಲೆದಾಟ. ಆದ್ದರಿಂದ ಪಿಪಿಒ, ಆಧಾರ್, ಪ್ಯಾನ್, ಪಾಸ್‌ಬುಕ್ ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರ ಹೋಲಿಸಬೇಕು. ತಪ್ಪು ಆಧಾರ್‌ನಲ್ಲಿದ್ದರೆ ಅದನ್ನೇ ತಿದ್ದಿಸುವುದು ಹಗುರ. ಸೇನೆಯ ದಾಖಲೆಯಲ್ಲೇ ಇದ್ದರೆ ಅರ್ಜಿ, ಅಫಿಡವಿಟ್, ಆಧಾರ್ ಪ್ರತಿ, ಶಾಲೆಯ ಅಥವಾ ಮದುವೆಯ ದಾಖಲೆ ಜೋಡಿಸಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ, ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಅಲ್ಲಿಂದ ತಿದ್ದುಪಡಿಯನ್ನು ದಾಖಲಿಸುವ ಪಾರ್ಟ್ ಟು ಆರ್ಡರ್ ಹೊರಟ ಮೇಲೆ ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿ ತಿದ್ದುಪಡಿಯಾದ ಪಿಪಿಒ ಕೊಡುತ್ತದೆ. ರೆಕಾರ್ಡ್ ಆಫೀಸು ಎಲ್ಲಿದೆ ಎಂಬುದು ರೆಜಿಮೆಂಟಿನ ಮೇಲೆ ಹೋಗುತ್ತದೆ: ಮರಾಠಾ ಲಘು ಪದಾತಿದಳದ್ದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನದ್ದು ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ನದ್ದು ಬೆಂಗಳೂರು, ಆರ್ಟಿಲರಿಯದ್ದು ನಾಸಿಕ್, ಸಿಗ್ನಲ್ಸ್‌ನದ್ದು ಜಬಲ್ಪುರ, ಯಂತ್ರ, ವಾಹನ ದುರಸ್ತಿಯ ಇಎಂಇಯದ್ದು ಸಿಕಂದರಾಬಾದ್.

ಪಾರ್ಟ್ ಟು ಆರ್ಡರ್ ಎಂದರೆ ಸೈನಿಕನ ಬದುಕಿನ ಘಟನೆಗಳು ದಾಖಲೆ ಸೇರುವ ಬಾಗಿಲು. ಮದುವೆ, ಮಗುವಿನ ಜನನ, ಮನೆಯವರ ಸಾವು, ವಿಚ್ಛೇದನ ಎಲ್ಲವೂ ಅದರ ಮೂಲಕವೇ ಒಳಹೋಗಬೇಕು. ರಜೆಯಲ್ಲಿದ್ದಾಗ ಮಗು ಹುಟ್ಟಿತು, ವಾಪಸು ಹೋಗುವಷ್ಟರಲ್ಲಿ ಪೋಸ್ಟಿಂಗು ಬಂತು, ಜನನ ಪ್ರಮಾಣಪತ್ರ ಟ್ರಂಕಿನ ತಳದಲ್ಲೇ ಉಳಿಯಿತು. ಎರಡನೇ ಮಗು ಸೇನೆಯ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲದ ಮನೆಗಳು ಆಗುವುದು ಹೀಗೆ. ಆ ಮಗು ಪಿಯುಸಿ ಮುಗಿಸಿ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ ಎಲ್ಲ ಬಯಲಾಗುತ್ತದೆ. ವೃತ್ತಿಪರ ಕೋರ್ಸು ಸೇರಿದ ಮಾಜಿ ಸೈನಿಕರ ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಈ ನೆರವು ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ಹಿಂದಿನ ಪರೀಕ್ಷೆಯಲ್ಲಿ ಶೇ 60 ಅಂಕ ಇರಬೇಕು. ಅಂಕ ಇರುತ್ತದೆ, ದಾಖಲೆಯಲ್ಲಿ ಹೆಸರು ಇರುವುದಿಲ್ಲ.

ಇನ್ನೊಂದು ಚಿಕ್ಕ ಮಾತು. ಹೆಂಡತಿಗೆ ಗಂಡನ ಆರ್ಮಿ ನಂಬರು ಬಾಯಿಪಾಠ ಇರಬೇಕು. ಫೋನ್ ನಂಬರು ಬದಲಾಗುತ್ತದೆ, ಮನೆ ಬದಲಾಗುತ್ತದೆ. ಯಾವ ಕಚೇರಿಯ ಯಾವ ಕಿಟಕಿಗೆ ಹೋದರೂ ಮೊದಲು ಕೇಳುವುದು ಆ ನಂಬರನ್ನೇ.

ಪಿಂಚಣಿ ಹಂಚುವ ಕೆಲಸ ಈಗ ಬ್ಯಾಂಕಿನಿಂದ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ, ಹಣ ಅಲ್ಲಿಂದಲೇ ನೇರ ಖಾತೆಗೆ ಬೀಳುತ್ತದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ನಿಂತುಹೋಗುತ್ತದೆ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಿಂದಲೇ ಕೊಡಬಹುದು, ಬೆರಳಚ್ಚು ಸವೆದ ಹೊಲದ ಕೈಗಳಿಗೆ ಇದೇ ವಾಸಿ. ಪಿಂಚಣಿ ನಿಂತಿತೆಂದು ಬ್ಯಾಂಕ್ ಮ್ಯಾನೇಜರ್ ಜತೆ ಜಗಳಕ್ಕೆ ನಿಲ್ಲುವವರಿದ್ದಾರೆ, ಆ ಬಡಪಾಯಿಯ ಕೈಯಲ್ಲಿ ಈಗ ಏನೂ ಉಳಿದಿಲ್ಲ. ‘ಸ್ಪರ್ಶ್ ಕಚೇರಿಯಿಂದ ಮಾತಾಡುತ್ತಿದ್ದೇವೆ, ಪಿಂಚಣಿ ನಿಲ್ಲುತ್ತದೆ, ಒಟಿಪಿ ಹೇಳಿ’ ಎಂದು ಬರುವ ಕರೆಗಳ ಬಗ್ಗೆ ಮನೆಯ ಮಕ್ಕಳಿಗೂ ಹೇಳಿಡಿ. ಆದೇಶ ಬಂದರೆ ಪಾಲಿಸುವುದನ್ನೇ ಇಪ್ಪತ್ತು ವರ್ಷ ರೂಢಿಸಿಕೊಂಡವನಿಗೆ ಗಡಸು ಹಿಂದಿಯಲ್ಲಿ ಯಾರಾದರೂ ಆದೇಶ ಕೊಟ್ಟರೆ ಕೈ ತಾನಾಗಿ ಓಡುತ್ತದೆ.

ಹಣದ ವಿಷಯಕ್ಕೆ ಬರೋಣ. ಗ್ರಾಚ್ಯುಟಿ, ಉಳಿದ ರಜೆಯ ನಗದು (ಗರಿಷ್ಠ 300 ದಿನ), ಭವಿಷ್ಯನಿಧಿ, ಗುಂಪು ವಿಮೆಯ ಹಣ, ಪಿಂಚಣಿ ಮಾರಿದ ಗಂಟು. ಇವೆಲ್ಲ ಕೆಲವೇ ತಿಂಗಳ ಅಂತರದಲ್ಲಿ ಖಾತೆಗೆ ಬರುತ್ತವೆ. ಊರಿಗೆ ಅದು ಅವನಿಗಿಂತ ಮುಂಚೆ ಗೊತ್ತಾಗಿರುತ್ತದೆ. ಮೊದಲ ವಾರ ಸೈಟಿನ ದಲ್ಲಾಳಿ, ಎರಡನೇ ವಾರ ಚೀಟಿ ನಡೆಸುವವರು, ಆಮೇಲೆ ‘ಆರು ತಿಂಗಳಲ್ಲಿ ಕೊಟ್ಟುಬಿಡ್ತೀನಿ ಮಾವ’ ಎನ್ನುವ ಅಕ್ಕನ ಮಗ. ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳುವುದಿಲ್ಲ. ಇಷ್ಟು ವರ್ಷ ಊರಿನ ಸುಖದುಃಖಕ್ಕೆ ಆಗಲಿಲ್ಲ ಎಂಬ ಅಳುಕು ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ನನ್ನ ಮಟ್ಟಿಗೆ ಇದಕ್ಕೆ ಒಂದೇ ಉಪಾಯ: ಮೊದಲ ಆರು ತಿಂಗಳು ಅಸಲಿಗೆ ಕೈ ಹಚ್ಚಬಾರದು, ಬಡ್ಡಿ ಸಾಲ ಇದ್ದರೆ ಅದನ್ನು ತೀರಿಸುವುದೊಂದನ್ನು ಬಿಟ್ಟು. ಉಳಿದದ್ದನ್ನು ಗಂಡಹೆಂಡಿರ ಜಂಟಿ ಹೆಸರಿನಲ್ಲಿ ಠೇವಣಿ ಇಟ್ಟುಬಿಡಿ. ‘ಠೇವಣಿಯಲ್ಲಿದೆ, ಮುರಿಯೋಕೆ ಅವಳ ಸಹಿಯೂ ಬೇಕು’ ಎಂದರೆ ಸಂಬಂಧವೂ ಕೆಡುವುದಿಲ್ಲ, ದುಡ್ಡೂ ಉಳಿಯುತ್ತದೆ. ಆಮೇಲೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಇದೆ, ಜಂಟಿ ಖಾತೆಗೆ 15 ಲಕ್ಷದವರೆಗೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಬೇರೆಯವರಿಗೆ ಸಾಮಾನ್ಯವಾಗಿ 60 ತುಂಬಿರಬೇಕು, ಸೇನೆಯಿಂದ ನಿವೃತ್ತರಾದವರಿಗೆ 50 ಆದರೆ ಸಾಕು. ಇದು ಅಂಚೆ ಕಚೇರಿಯ ಗುಮಾಸ್ತರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಪಿಂಚಣಿ ಮಾರುವ ಲೆಕ್ಕವನ್ನು ಸಹಿ ಹಾಕುವ ಮುಂಚೆ ಕಾಗದದ ಮೇಲೆ ಬರೆದು ನೋಡಬೇಕು. ಕಮ್ಯುಟೇಶನ್ ಎಂದರೆ ಮೂಲ ಪಿಂಚಣಿಯ ಅರ್ಧದವರೆಗೆ ಬಿಟ್ಟುಕೊಟ್ಟು ಒಮ್ಮೆಲೇ ಗಂಟು ಪಡೆಯುವುದು. ಮೂಲ ಪಿಂಚಣಿ 24,000 ಎಂದಿಟ್ಟುಕೊಳ್ಳಿ. 12,000 ಬಿಟ್ಟುಕೊಟ್ಟರೆ, ನಲವತ್ತರ ಆಸುಪಾಸಿನವರಿಗೆ ಗುಣಕ ಹತ್ತಿರ ಹತ್ತಿರ 9 ಇರುವುದರಿಂದ, ಕೈಗೆ ಬರುವುದು ಸುಮಾರು 13 ಲಕ್ಷ. ಕಡಿತ 15 ವರ್ಷ ನಡೆಯುತ್ತದೆ, ಅಂದರೆ ಕೊಡುವುದು 21 ಲಕ್ಷ 60 ಸಾವಿರ. ತುಟ್ಟಿಭತ್ಯೆ ಮಾತ್ರ ಪೂರ್ತಿ 24,000ದ ಮೇಲೇ ಬರುತ್ತದೆ, ಅಷ್ಟು ಸಮಾಧಾನ. ಈ 13 ಲಕ್ಷದಿಂದ ಖಾಸಗಿ ಬಡ್ಡಿ ಸಾಲ ಹರಿಯುತ್ತದೆ ಅಥವಾ ಬಾಡಿಗೆ ತಪ್ಪುತ್ತದೆ ಎಂದಾದರೆ ಲಾಭವೇ. ಕಾರಿಗೆ ಹೋದರೆ ಅಲ್ಲ. ಇನ್ನು 15 ವರ್ಷ ತುಂಬಿದ ತಿಂಗಳು ಪಿಂಚಣಿ ಮೊದಲಿನ ಮಟ್ಟಕ್ಕೆ ಬಂತೇ ಎಂದು ನೋಡಿಕೊಳ್ಳಬೇಕು. ಆ ತಾರೀಖನ್ನು ಇವತ್ತೇ ಪಿಪಿಒದ ರಟ್ಟಿನ ಮೇಲೆ ಬರೆದಿಡಿ.

ಆಸ್ಪತ್ರೆಗೆ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, 2003ರ ಏಪ್ರಿಲ್ 1ರಿಂದ. ಒಮ್ಮೆ ವಂತಿಗೆ ಕಟ್ಟಿದರೆ ಗಂಡಹೆಂಡತಿಗೆ ಜೀವನಪೂರ್ತಿ. ಗಂಡುಮಕ್ಕಳಿಗೆ 25 ತುಂಬುವ ತನಕ ಅಥವಾ ದುಡಿಯುವ ತನಕ, ಮದುವೆಯಾಗದ, ದುಡಿಮೆಯಿಲ್ಲದ ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ, ಅವಲಂಬಿತ ತಂದೆತಾಯಿಗೂ ಇದೆ. ಮೊದಲು ಯೋಜನೆಯದೇ ಪಾಲಿಕ್ಲಿನಿಕ್, ಅಲ್ಲಿಂದ ಚೀಟಿ ಪಡೆದು ಗೊತ್ತುಪಡಿಸಿದ ಆಸ್ಪತ್ರೆ. ಎಡವಟ್ಟಾಗುವುದು ತುರ್ತು ಹೊತ್ತಿನಲ್ಲಿ. ಎದೆನೋವೆಂದು ಹತ್ತಿರದ ಯಾವುದೋ ಆಸ್ಪತ್ರೆಗೆ ಸೇರಿಸುತ್ತಾರೆ, ಅದು ಪಟ್ಟಿಯಲ್ಲಿರುವುದಿಲ್ಲ. ಸೇರಿಸಿದ್ದು ತಪ್ಪಲ್ಲ, ಪಾಲಿಕ್ಲಿನಿಕ್ಕಿಗೆ 48 ಗಂಟೆಯೊಳಗೆ ತಿಳಿಸದಿರುವುದು ತಪ್ಪು. ಪಾಲಿಕ್ಲಿನಿಕ್ಕಿನ ಫೋನ್ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿರಬೇಕು.

ಅಂಗವೈಕಲ್ಯ ಪಿಂಚಣಿ ಬೇರೆಯೇ ಅಧ್ಯಾಯ. ಬಿಡುಗಡೆಗೆ ಮುಂಚಿನ ವೈದ್ಯಕೀಯ ಮಂಡಳಿಯ ವರದಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಈ ತೊಂದರೆ ಸೇವೆಯಿಂದ ಬಂದದ್ದೇ, ಅಥವಾ ಸೇವೆಯಿಂದ ಹೆಚ್ಚಾದದ್ದೇ? ಮುಂದಿನದೆಲ್ಲ ಆ ಎರಡು ಪೆಟ್ಟಿಗೆಯಲ್ಲಿ ಬೀಳುವ ಗುರುತಿನ ಮೇಲೆ. ಊರಿಗೆ ಹೋಗುವ ಆತುರದಲ್ಲಿ ‘ಏನೂ ತೊಂದರೆಯಿಲ್ಲ ಸಾಬ್’ ಎಂದು ಸಹಿ ಹಾಕಿ ಬರುವವರೇ ಬಹಳ. ಹೆಮ್ಮೆಯ ಮಾತೂ ಇದೆ ಅದರಲ್ಲಿ, ನೋವು ಹೇಳಿಕೊಳ್ಳುವವನು ಕಾಮಚೋರ ಎಂಬ ಬ್ಯಾರಕ್ಕಿನ ಮಾತು ಕಿವಿಯಲ್ಲಿ ಉಳಿದಿರುತ್ತದೆ. ಸೇರುವಾಗ ಆರೋಗ್ಯವಾಗಿದ್ದನೆಂದು ದಾಖಲೆಯಿದ್ದು ಆಮೇಲೆ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಎಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಹೇಳಿತು. 2023ರ ಸೆಪ್ಟೆಂಬರ್ 21ರ ಬಳಿಕ ಹೊರಬಂದವರಿಗೆ ಹೊಸ ನಿಯಮಗಳು ಅನ್ವಯಿಸುತ್ತವೆ, ಹಳೆಯ ತೀರ್ಪುಗಳನ್ನು ಹಿಡಿದು ಹೋಗುವ ಮುಂಚೆ ಅದನ್ನು ನೋಡಿಕೊಳ್ಳಬೇಕು. ಹಕ್ಕು ತಿರಸ್ಕೃತವಾದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಎರಡನೆಯದು, ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಪತ್ರ ಬಂದ ಲಕೋಟೆಯನ್ನೂ ಎಸೆಯಬಾರದು, ತಾರೀಖಿನ ಮುದ್ರೆ ಇರುವುದು ಅದರ ಮೇಲೆ.

ಇನ್ನು ಕಾಗದದಲ್ಲಿ ಇಲ್ಲದ್ದು. ಮೊದಲು ಕಿವಿ.

ಫಿರಂಗಿಯ ಹತ್ತಿರ, ಫೈರಿಂಗ್ ರೇಂಜಿನಲ್ಲಿ, ಟ್ಯಾಂಕಿನೊಳಗೆ, ಜನರೇಟರಿನ ಪಕ್ಕದಲ್ಲಿ ವರ್ಷಗಟ್ಟಲೆ ಇದ್ದವರ ಕಿವಿ ಪೂರ್ತಿ ಕಿವುಡಾಗುವುದಿಲ್ಲ. ಮೊದಲು ಹೋಗುವುದು ಎತ್ತರದ ಧ್ವನಿ, 4,000 ಹರ್ಟ್ಜ್‌ನ ಆಸುಪಾಸು. ಗಂಡಸರ ದಪ್ಪ ದನಿ, ಲಾರಿಯ ಸದ್ದು, ಸ್ವರಾಕ್ಷರಗಳು ಎಲ್ಲ ಕೇಳುತ್ತವೆ. ಸ, ಶ, ಫ ಇಂಥ ಉಸಿರಿನ ವ್ಯಂಜನಗಳು ಜಾರಿಹೋಗುತ್ತವೆ, ಹೆಂಗಸರ ಮತ್ತು ಮಕ್ಕಳ ದನಿ ಮಸುಕಾಗುತ್ತದೆ. ಊಟಕ್ಕೆ ಕೂತ ಮಗಳು ‘ಸಾಕು’ ಎಂದದ್ದು ಅವನಿಗೆ ‘ಹಾಕು’ ಎಂದು ಕೇಳಿಸುತ್ತದೆ, ಇನ್ನೊಂದು ಸೌಟು ಬೀಳುತ್ತದೆ, ಮಗಳು ಸಿಡುಕುತ್ತಾಳೆ. ಹೊರಗೆ ಗೆಳೆಯರ ಜತೆ ಚೆನ್ನಾಗಿಯೇ ಮಾತಾಡುತ್ತಾನೆ, ಮನೆಯಲ್ಲಿ ಕರೆದರೆ ತಿರುಗಿ ನೋಡುವುದಿಲ್ಲ. ಹೆಂಡತಿಗೆ ಇದು ತಾತ್ಸಾರ ಅನ್ನಿಸುತ್ತದೆ. ಟಿವಿ ಜೋರು, ಮಾತು ಜೋರು, ‘ಮಿಲ್ಟ್ರಿಯವ್ರು, ಯಾವಾಗ್ಲೂ ಸಿಟ್ಟು’ ಎಂದು ಓಣಿಯಲ್ಲಿ ಹೆಸರಾಗುತ್ತದೆ. ಅರ್ಧ ಜಗಳ ಕಿವಿಯದ್ದು.

ಹೀಗೆ ಹೋದ ಕೇಳ್ಮೆ ಮರಳುವುದಿಲ್ಲ, ಔಷಧವಿಲ್ಲ, ಎಣ್ಣೆ ಬಿಡುವುದರಿಂದ ಏನೂ ಆಗದು. ಆಡಿಯೋಗ್ರಾಂ, ಅಂದರೆ ಕೇಳ್ಮೆಯ ಪರೀಕ್ಷೆ, ಮಾಡಿಸಿದರೆ 4,000ದ ಹತ್ತಿರ ಗೆರೆ ಹೊಂಡದಂತೆ ಕುಸಿದದ್ದು ಕಾಣುತ್ತದೆ. ನಿವೃತ್ತಿಗೆ ಮುಂಚೆಯೇ ಮಾಡಿಸಿ ವರದಿಯನ್ನು ಫೈಲಿಗೆ ಸೇರಿಸಿದರೆ ವೈದ್ಯಕೀಯ ಮಂಡಳಿಯ ಮುಂದೆ ಆಧಾರವೂ ಆಗುತ್ತದೆ. ಶ್ರವಣ ಸಾಧನವನ್ನು ಇಸಿಎಚ್‌ಎಸ್ ಮೂಲಕ ಪಡೆಯಬಹುದು. ಸಾಧನ ಹಾಕಿದ ಮೊದಲ ವಾರಗಳಲ್ಲಿ ಪಾತ್ರೆಯ ಸದ್ದು, ಪ್ಲಾಸ್ಟಿಕ್ ಚೀಲದ ಸರಪರ ಎಲ್ಲ ತಲೆಗೆ ಹೊಡೆದಂತಾಗುತ್ತದೆ, ಅದಕ್ಕೇ ಎಷ್ಟೋ ಸಾಧನಗಳು ಡ್ರಾಯರ್ ಸೇರಿವೆ. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ಹೆಚ್ಚಿಸುತ್ತಾ ಹೋಗಬೇಕು, ಮತ್ತೆ ಹೋಗಿ ಟ್ಯೂನ್ ಮಾಡಿಸಬೇಕು. ಮನೆಯವರು ಮಾಡಬಹುದಾದದ್ದು ಇನ್ನೂ ಸುಲಭ: ಅಡುಗೆಮನೆಯಿಂದ ಕೂಗಬೇಡಿ, ಎದುರಿಗೆ ಬಂದು, ಮುಖ ಕಾಣುವಂತೆ, ಮಾಮೂಲಿ ದನಿಯಲ್ಲೇ ನಿಧಾನವಾಗಿ ಹೇಳಿ. ಕಿರುಚಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ, ಕಳೆದುಹೋದ ವ್ಯಂಜನ ಬರುವುದಿಲ್ಲ.

ಎರಡನೆಯದು ರಾತ್ರಿ. ಎರಡೆರಡು ಗಂಟೆಯ ಪಹರೆಗೆ ಎದ್ದು ಎದ್ದು ರೂಢಿಯಾದ ದೇಹ ಊರಿಗೆ ಬಂದ ಮೇಲೂ ನಡುರಾತ್ರಿ ಏಳುತ್ತದೆ. ಎದ್ದವನು ಬಾಗಿಲ ಚಿಲಕ ನೋಡುತ್ತಾನೆ, ಅಂಗಳಕ್ಕೆ ಒಂದು ಸುತ್ತು ಹೋಗಿ ಬರುತ್ತಾನೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿ ಕೂರುತ್ತಾನೆ. ಇದಿಷ್ಟೇ ಆದರೆ ಕಾಯಿಲೆಯಲ್ಲ, ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಮಲಗಿದವನನ್ನು ಮೈ ಅಲುಗಿಸಿ ಎಬ್ಬಿಸಬಾರದು, ಅದರಲ್ಲೂ ಮಕ್ಕಳು. ಕಾಲಿನ ಕಡೆ, ಒಂದೆರಡು ಹೆಜ್ಜೆ ದೂರ ನಿಂತು ಹೆಸರು ಹಿಡಿದು ಕರೆಯಬೇಕು. ಮೆರವಣಿಗೆಯ ಪಟಾಕಿ ಸರದ ಬಗ್ಗೆಯೂ ಅವನನ್ನೇ ಮೊದಲು ಕೇಳುವುದು ಒಳ್ಳೆಯದು. ಬೇಡ ಎಂದರೆ ಯಾಕೆ ಎಂದು ಕೇಳದೆ ಬಿಟ್ಟುಬಿಡಬೇಕು.

ಆದರೆ ಸೇವೆಯಲ್ಲಿ ಕಂಡ ಯಾವುದೋ ಭಯಾನಕ ದೃಶ್ಯ ಕಣ್ಣಿಗೆ ಮತ್ತೆ ಮತ್ತೆ ಬರುವುದು, ಕೆಲವು ಹೆಸರು, ಕೆಲವು ಜಾಗದ ಮಾತು ಬಂದರೆ ಎದ್ದುಹೋಗುವುದು, ಸಣ್ಣ ಸದ್ದಿಗೆ ಬೆಚ್ಚುವುದು, ಯಾರ ಮೇಲೂ ಪ್ರೀತಿ ಹುಟ್ಟುತ್ತಿಲ್ಲ ಅನ್ನುವುದು, ಇವೆಲ್ಲ ಒಂದು ತಿಂಗಳು ದಾಟಿ ನಡೆದರೆ ವೈದ್ಯರನ್ನು ಕಾಣಬೇಕು. ಇದು ಘಟನೆಯಾಗಿ ಆರು ತಿಂಗಳು, ವರ್ಷ ಕಳೆದ ಮೇಲೂ ತಲೆಯೆತ್ತಬಹುದು. ‘ಅಲ್ಲಿದ್ದಾಗ ಚೆನ್ನಾಗಿದ್ನಲ್ಲ, ಈಗೇನಾಯ್ತು’ ಎಂಬ ಪ್ರಶ್ನೆಗೆ ಉತ್ತರ ಇದೇ: ಅಲ್ಲಿದ್ದಾಗ ಪಕ್ಕದಲ್ಲಿ ಹತ್ತು ಜನ ಅದೇ ಕಂಡವರಿದ್ದರು. ಆ ನೆನಪನ್ನೇ ಹಂತಹಂತವಾಗಿ ಎದುರಿಸುವಂತೆ ಮಾಡುವ ಮಾತಿನ ಚಿಕಿತ್ಸೆಗಳಿವೆ, ಸರ್ಟ್ರಲಿನ್‌ನಂಥ ಮಾತ್ರೆಗಳಿವೆ. ಅಂಗಡಿಯಿಂದ ತಂದು ನುಂಗುವ ನಿದ್ದೆಮಾತ್ರೆ ಇದಕ್ಕೆ ಮದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಸೇನೆಯವರು ಮತ್ತು ಅವರ ಮನೆಯವರಿಗೆಂದೇ ಅದರ ಪ್ರತ್ಯೇಕ ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಆರಂಭವಾಗಿದೆ. ಸಾಯುವ ಮಾತು ಬಂದರೆ ‘ಹಾಗೆಲ್ಲ ಅನ್ನಬೇಡ’ ಎಂದು ಬಾಯಿ ಮುಚ್ಚಿಸದೆ, ಆ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿ, ಒಬ್ಬನನ್ನೇ ಬಿಡದೆ, ಮನೆಯಲ್ಲಿ ಬಂದೂಕಿದ್ದರೆ ಬೇರೆಡೆ ಸಾಗಿಸಿ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.

ಸೇನೆಯ ಕ್ಯಾಂಟೀನಿನಿಂದ ಬರುವ ಮದ್ಯದ ಬಾಟಲಿಯ ಬಗ್ಗೆ ಊರಲ್ಲಿ ನಗೆಚಾಟಿಕೆ ಬಹಳ. ಮದ್ಯ ಬೇಗ ನಿದ್ದೆ ಬರಿಸುತ್ತದೆ, ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಒಡೆಯುತ್ತದೆ, ಮೂರು ಗಂಟೆಗೆ ಎಚ್ಚರವಾದವನು ಮರುದಿನ ಇನ್ನಷ್ಟು ಕುಡಿಯುತ್ತಾನೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಆಣೆ ಪ್ರಮಾಣ ಮಾಡಿ, ದೇವರ ಮಾಲೆ ಹಾಕಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲೇ ಕೈನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಬಿಡುವ ಮನಸ್ಸು ಮಾಡಿದ ದಿನವೇ ವೈದ್ಯರ ಬಳಿ ಕರೆದೊಯ್ಯುವುದು ಅದಕ್ಕೇ.

ಮನೆಯೊಳಗಿನ ಕಷ್ಟ ಇನ್ನೊಂದು ಬಗೆಯದು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ, ಅದೂ ಎಲ್ಲ ವರ್ಷ ಪೂರ್ತಿ ಸಿಕ್ಕರೆ. ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕ ಕೆಲವು ವರ್ಷ ಬಿಟ್ಟರೆ ಮಕ್ಕಳು ಕಂಡದ್ದು ರಜೆಯ ಅಪ್ಪನನ್ನು. ಆ ಅಪ್ಪ ಸ್ವೀಟು ತರುತ್ತಿದ್ದ, ಬೈಯುತ್ತಿರಲಿಲ್ಲ, ಹೋಗುವ ದಿನ ಎಲ್ಲರೂ ಅಳುತ್ತಿದ್ದರು. ಈ ಸಲ ಬಂದವನು ಹೋಗುವುದಿಲ್ಲ. ಐದು ಗಂಟೆಗೆ ಎಬ್ಬಿಸುತ್ತಾನೆ, ಚಪ್ಪಲಿ ಸಾಲಾಗಿ ಇಡಿಸುತ್ತಾನೆ, ಮೊಬೈಲ್ ಕಸಿಯುತ್ತಾನೆ.

ಹೆಂಡತಿ ಈ ಹದಿನೈದಿಪ್ಪತ್ತು ವರ್ಷ ಬ್ಯಾಂಕು, ಪಾಲಿಗೆ ಕೊಟ್ಟ ಹೊಲ, ಮೋಟಾರು ಸುಟ್ಟಾಗ ಮೆಕ್ಯಾನಿಕ್ಕು, ಮಾವನ ಆಪರೇಷನ್ನು, ಶಾಲೆಯ ಮೀಟಿಂಗು ಎಲ್ಲ ಒಬ್ಬಳೇ ನಡೆಸಿದ್ದಾಳೆ. ಬಂದವನು ಎರಡನೇ ವಾರ ‘ಇನ್ಮೇಲೆ ನಾನು ನೋಡ್ಕೊಳ್ತೀನಿ, ನೀ ಆರಾಮಾಗಿರು’ ಎನ್ನುತ್ತಾನೆ. ಅವನ ಮಟ್ಟಿಗೆ ಅದು ಪ್ರೀತಿ. ಅವಳಿಗೆ ಕೇಳಿಸುವುದು, ಇಷ್ಟು ದಿನ ನೀನು ಮಾಡಿದ್ದು ತಾತ್ಕಾಲಿಕ ಏರ್ಪಾಡು ಎಂದು. ಸೇನೆಯಲ್ಲಿ ಹೊಸ ಅಧಿಕಾರಿ ಬಂದ ದಿನವೇ ಆದೇಶ ಕೊಡುವುದಿಲ್ಲ. ಹಳಬನ ಜತೆ ದಿನಗಟ್ಟಲೆ ಓಡಾಡಿ ಸ್ಟೋರು, ಲೆಡ್ಜರು, ಜನ ಎಲ್ಲ ನೋಡಿ ಆಮೇಲೆ ಚಾರ್ಜು ವಹಿಸಿಕೊಳ್ಳುತ್ತಾನೆ. ಮನೆಯಲ್ಲೂ ಅದೇ ಕ್ರಮ ನಡೆಯುತ್ತದೆ, ಆ ಭಾಷೆಯಲ್ಲಿ ಹೇಳಿದರೆ ಅವನಿಗೂ ಬೇಗ ಹಿಡಿಸುತ್ತದೆ. ಮೊದಲ ಮೂರು ತಿಂಗಳು ಅವಳ ಜತೆ ಬ್ಯಾಂಕಿಗೆ, ಸೊಸೈಟಿಗೆ, ಹೊಲಕ್ಕೆ ಸುಮ್ಮನೆ ಹೋಗಿ ಬರುವುದು. ಆಮೇಲೆ ಒಂದು ಕೆಲಸ, ಒಂದೇ, ಪೂರ್ತಿ ತೆಗೆದುಕೊಳ್ಳುವುದು. ನೀರಾವರಿಯಾಗಲಿ, ಅಪ್ಪನ ಆಸ್ಪತ್ರೆಯಾಗಲಿ. ಎಲ್ಲದರಲ್ಲೂ ಅರ್ಧರ್ಧ ಕೈ ಹಾಕಿದರೆ ಇಬ್ಬರಿಗೂ ಸಮಾಧಾನವಿಲ್ಲ.

ಕೆಲಸದ ಬಗ್ಗೆ ಊರಿಗೆ ಗೊತ್ತಿರುವುದು ಸೆಕ್ಯೂರಿಟಿ ಗಾರ್ಡ್ ಒಂದೇ. ಬ್ಯಾಂಕಿನ ಗಾರ್ಡ್ ಕೆಲಸಕ್ಕೆ ಸ್ವಂತ ಬಂದೂಕು, ಲೈಸೆನ್ಸು ಕೇಳುವವರಿದ್ದಾರೆ. ಕೆಲಸ ಕೈಗೆ ಬರುವ ಮುಂಚೆ ಸಾಲ ಮಾಡಿ ಬಂದೂಕು ಕೊಂಡವರು ಪೇಚಾಡುತ್ತಾರೆ. ಅದಕ್ಕೆ ಮುಂಚೆ ಬೇರೆ ಬಾಗಿಲು ತಟ್ಟಿ ನೋಡಬೇಕು. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10, ಸಾರ್ವಜನಿಕ ಉದ್ದಿಮೆ ಮತ್ತು ಬ್ಯಾಂಕುಗಳಲ್ಲಿ ಶೇ 14.5 ಮೀಸಲು. ವಯಸ್ಸು ಮೀರಿತು ಎಂದು ಅರ್ಜಿಯನ್ನೇ ಹಾಕದವರು ಲೆಕ್ಕ ತಪ್ಪಿದ್ದಾರೆ: ಇರುವ ವಯಸ್ಸಿನಿಂದ ಸೇವೆಯ ವರ್ಷಗಳನ್ನು ಕಳೆದು, ಉಳಿದದ್ದು ಮಿತಿಗಿಂತ 3 ವರ್ಷಕ್ಕಿಂತ ಹೆಚ್ಚಾಗದಿದ್ದರೆ ಸಾಕು. 38ರವನಿಗೆ 17 ವರ್ಷ ಸೇವೆಯಾಗಿದ್ದರೆ ಲೆಕ್ಕಕ್ಕೆ ಅವನು 21ರವನು. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದವನನ್ನು, ತಾಂತ್ರಿಕ ಪದವಿ ಬೇಡದ ಗ್ರೂಪ್ ಸಿ ಹುದ್ದೆಗಳಿಗೆ, ಪದವೀಧರನೆಂದೇ ಪರಿಗಣಿಸುತ್ತಾರೆ. ಸೇವೆ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು.

ಒಂದು ಗುಂಡಿ ಇದೆ ಇಲ್ಲಿ. ಮೀಸಲಾತಿಯಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಸೇರಿದರೆ ಆ ಸೌಲಭ್ಯ ಮುಗಿದಂತೆ. ಆದರೆ ಸೇರುವ ಮುಂಚೆಯೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದು, ಸೇರಿದ ಕೂಡಲೇ ಅವುಗಳ ತಾರೀಖುಸಹಿತ ಪಟ್ಟಿಯನ್ನು ಕಚೇರಿಗೆ ಲಿಖಿತವಾಗಿ ಕೊಟ್ಟರೆ ಅವುಗಳ ಮಟ್ಟಿಗೆ ಉಳಿಯುತ್ತದೆ. ಒಂದು ಹಾಳೆ ಕೊಡದೆ ಒಳ್ಳೆಯ ಹುದ್ದೆ ಕಳೆದುಕೊಂಡರೆ ಆಮೇಲೆ ಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ.

ಖಾಸಗಿಯವರಿಗೆ ಕೊಡುವ ಬಯೋಡೇಟಾದಲ್ಲಿ ‘ಹವಾಲ್ದಾರ್, ಎಂಟಿ’ ಎಂದು ಬರೆದರೆ ಓದುವವನಿಗೆ ಏನೂ ತಿಳಿಯದು. ಎಷ್ಟು ಗಾಡಿ, ಎಷ್ಟು ಚಾಲಕರು, ಲಾಗ್‌ಬುಕ್, ಡೀಸೆಲ್ ಲೆಕ್ಕ, ಸರ್ವಿಸ್ ವೇಳಾಪಟ್ಟಿ ಎಂದು ಬಿಡಿಸಿ ಬರೆದರೆ ಅದು ಸಾರಿಗೆ ಮೇಲ್ವಿಚಾರಕನ ಕೆಲಸ ಎಂದು ಗೊತ್ತಾಗುತ್ತದೆ. ಚಾಲಕರಾಗಿದ್ದವರು ನಾಗರಿಕ ಲೈಸೆನ್ಸನ್ನು ಸೇವೆಯಲ್ಲಿದ್ದಾಗಲೇ ಮಾಡಿಸಿಕೊಳ್ಳಬೇಕು. ಸೇನೆಯ ಗಾಡಿ ಓಡಿಸುವ ಪರವಾನಗಿ ಹೊರಗಿನ ಲಾರಿಗೆ ನಡೆಯುವುದಿಲ್ಲ. 

ಇಷ್ಟೂ ಪಿಂಚಣಿ ಇರುವವರ ಮಾತಾಯಿತು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥದಲ್ಲಿ ಸೇರಿದವರದ್ದು ನಾಲ್ಕು ವರ್ಷದ ಸೇವೆ. ನೂರಕ್ಕೆ ಹೆಚ್ಚೆಂದರೆ 25 ಜನ ಉಳಿಯುತ್ತಾರೆ, ಮಿಕ್ಕವರು ಇಪ್ಪತ್ತರ ಹರೆಯದಲ್ಲೇ ಊರಿಗೆ. ಮೊದಲ ತಂಡಗಳ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ಅವರಿಗೆ ಸೇವಾನಿಧಿಯ ಸುಮಾರು 11 ಲಕ್ಷ 71 ಸಾವಿರ ರೂಪಾಯಿ ಸಿಗುತ್ತದೆ, ಅದಕ್ಕೆ ಆದಾಯ ತೆರಿಗೆಯಿಲ್ಲ. ಪಿಂಚಣಿಯಿಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ, ನಿಯಮದ ಪ್ರಕಾರ ‘ಮಾಜಿ ಸೈನಿಕ’ ಎಂಬ ಹೆಸರೂ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲು, ವಯಸ್ಸಿನ ಸಡಿಲಿಕೆ ಇದೆ. ಅದಕ್ಕೆ ಪರೀಕ್ಷೆ ಬರೆಯಬೇಕು, ಓದಿಗೆ ಊರಲ್ಲಿ ಒಂದು ಕೋಣೆ, ಒಂದು ವರ್ಷದ ಪುರುಸೊತ್ತು ಬೇಕು. ಸೈಟಿನ ದಲ್ಲಾಳಿಗೆ ಹನ್ನೊಂದು ಲಕ್ಷದ ಸುದ್ದಿ ಆಗಲೇ ಗೊತ್ತು.

ಆ ಹುಡುಗನ ಟ್ರಂಕಿನಲ್ಲಿ ಪಿಪಿಒ ಇರುವುದಿಲ್ಲ. ಇರಬೇಕಾದದ್ದು ಬಿಡುಗಡೆ ಪತ್ರ, ಕೌಶಲ ಪ್ರಮಾಣಪತ್ರ, ಹತ್ತನೇ ತರಗತಿ ಓದಿ ಸೇರಿದ್ದರೆ ಹನ್ನೆರಡನೆಯದಕ್ಕೆ ಸಮಾನವಾದ ಅಂಕಪಟ್ಟಿ, ಆಸ್ಪತ್ರೆ ಸೇರಿದ್ದರೆ ಅದರ ಕಾಗದ, ಕೊನೆಯ ವೈದ್ಯಕೀಯ ಪರೀಕ್ಷೆಯ ಪ್ರತಿ. ಇವನ್ನೆಲ್ಲ ಯೂನಿಟ್ಟಿನ ಗೇಟು ದಾಟುವ ಮುಂಚೆ ಕೈಯಲ್ಲೇ ಪಡೆದು, ಹೆಸರಿನ ಅಕ್ಷರಗಳನ್ನು ಅಲ್ಲೇ ನಿಂತು ಓದಿ ನೋಡಬೇಕು. ಅಂಚೆಯಲ್ಲಿ ಕಳಿಸ್ತೀವಿ ಎಂದರೆಂದು ಬಿಟ್ಟು ಬಂದರೆ, ಒಂದು ಕಾಗದಕ್ಕಾಗಿ ಮತ್ತೆ ಎರಡು ದಿನದ ರೈಲು.